ಬೀಡಿ ಬಿಡುವವನ ಊರುಗೋಲು



ಒಂದು ದೊಡ್ಡ ಕೇಡಿನಿಂದ ಬಿಡಿಸಿಕೊಳ್ಳಲು ಒಂದು ಸಣ್ಣ ಕೇಡಿನ ನೆರವನ್ನು ಪಡೆಯಬಹುದೇ? ಪಡೆದರೆ ಅದನ್ನು ಬಿಡುಗಡೆ ಎನ್ನಬಹುದೇ? ಗುರುಮಠದ ನೀತಿಶಾಸ್ತ್ರದ ತರಗತಿಗಳಿಗೆ ಸೇರಿದ್ದೆಂದು ನಾವು ಭಾವಿಸಿದ್ದ ಇಂತಹ ಪ್ರಶ್ನೆ ಈಗ ನಮ್ಮ ಮನೆಗಳ ಒಳಗೇ ಬಂದು ಕುಳಿತಿದೆ. ಅದು ಬಂದ ದಾರಿ ವಿಚಿತ್ರವಾದುದು.

ಅಮೃತಾಪುರದ ಆಸುಪಾಸಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಯಜಮಾನರಿಗೆ ಅರವತ್ತು ದಾಟಿದೆ. ಅಡಿಕೆ ತೋಟದ ಕೆಲಸ, ದಿನಕ್ಕೆ ಒಂದೂವರೆ ಕಟ್ಟು ಬೀಡಿ, ಬೆಳಗಿನ ಜಾವ ನಿಲ್ಲದ ಕೆಮ್ಮು. ಮಗಳು ನರ್ಸ್ ಆಗಿ ಇಂಗ್ಲೆಂಡಿನಲ್ಲಿದ್ದಾಳೆ. ಮಗ ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದಾನೆ. ಭಾನುವಾರದ ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಮಗಳ ಫೋನು ಬರುತ್ತದೆ: “ಅಪ್ಪಾ, ಇಲ್ಲಿ ಸಿಗರೇಟು ಬಿಡುವವರಿಗೆ ಸರ್ಕಾರದವರೇ ಇ-ಸಿಗರೇಟು ಕೊಡ್ತಾರೆ. ನಿಮಗೂ ಒಂದು ಸಿಗೋ ಹಾಗಿದ್ದರೆ...” ಪಕ್ಕದಲ್ಲಿದ್ದ ಮಗ ಬೆಚ್ಚಿ ತಲೆಯೆತ್ತುತ್ತಾನೆ. ಅವನ ಕಾಲೇಜಿನಲ್ಲಿ ಅದೇ ವಸ್ತು ಯಾರದೋ ಚೀಲದಲ್ಲಿ ಸಿಕ್ಕಿ, ಪೋಷಕರನ್ನು ಕರೆಸಿ, ದೊಡ್ಡ ರಂಪವಾಗಿದೆ. ತಾಯಿ ಕೇಳುತ್ತಾರೆ: “ಅಲ್ಲಿ ಮದ್ದು, ಇಲ್ಲಿ ಅಪರಾಧ. ಒಂದೇ ಪದಾರ್ಥ ಎರಡೂ ಹೇಗಾಗುತ್ತದೆ?”

ಮನೆ ಕಲ್ಪಿತ, ಪ್ರಶ್ನೆ ಕಲ್ಪಿತವಲ್ಲ. 2023ರ ಏಪ್ರಿಲಿನಲ್ಲಿ ಬ್ರಿಟಿಷ್ ಸರ್ಕಾರ ಇಂಗ್ಲೆಂಡಿನ ಹತ್ತು ಲಕ್ಷ ಧೂಮಪಾನಿಗಳಿಗೆ ಸಿಗರೇಟಿನ ಬದಲಿಗೆ ಇ-ಸಿಗರೇಟು ನೀಡುವ ಯೋಜನೆಯನ್ನು ಪ್ರಕಟಿಸಿತು. ನಮ್ಮ ಕರ್ನಾಟಕ ಸರ್ಕಾರವಾದರೋ 2016ರ ಜೂನಿನಲ್ಲೇ ಅದನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು, ಅದೇ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲವೂ ಅಪರಾಧ. ಮಾರಿದವನಿಗೆ ಮೊದಲ ಸಲವೇ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದ್ದರಿಂದ ಆ ಮಗಳು ಊರಿಗೆ ಬರುವಾಗ ತಂದೆಗೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟು ತರುವಂತಿಲ್ಲ. ಇಷ್ಟನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು.

ವಿಷಯವನ್ನು ತೂಗಿ ನೋಡುವ ಮುನ್ನ ಕೊಲ್ಲುವುದು ಯಾವುದು, ಕಟ್ಟಿಹಾಕುವುದು ಯಾವುದು ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ತಂಬಾಕಿನಲ್ಲಿರುವ ನಿಕೋಟಿನ್ ಮನುಷ್ಯನನ್ನು ಕಟ್ಟಿಹಾಕುತ್ತದೆ. ಬೀಡಿಯ ಹೊಗೆಯನ್ನು ಒಳಗೆಳೆದ ಕೆಲವೇ ಸೆಕೆಂಡುಗಳಲ್ಲಿ ಅದು ಮಿದುಳನ್ನು ಮುಟ್ಟುತ್ತದೆ. ಆ ವೇಗವೇ ಚಟದ ಗುಟ್ಟು. ಆದರೆ ಶ್ವಾಸಕೋಶದ ಕ್ಯಾನ್ಸರಿಗೆ, ದಮ್ಮಿಗೆ ಮುಖ್ಯ ಕಾರಣ ಉರಿಯುವ ಎಲೆಯಿಂದ ಹುಟ್ಟುವ ಟಾರು ಮತ್ತು ನೂರಾರು ವಿಷಗಳು. ಹೃದಯಾಘಾತದ ವಿಷಯದಲ್ಲಿಯೂ ಹೆಚ್ಚಿನ ಪಾಪ ಹೊಗೆಯದೇ. ಬ್ರಿಟನ್ನಿನ ಮೈಕೆಲ್ ರಸೆಲ್ ಎಂಬ ವೈದ್ಯರು 1976ರಲ್ಲೇ ಈ ಭೇದವನ್ನು ಎತ್ತಿ ತೋರಿಸಿದ್ದರು: ಜನ ಸೇದುವುದು ನಿಕೋಟಿನ್‌ಗಾಗಿ, ಸಾಯುವುದು ಟಾರಿನಿಂದ. ಬೀಡಿಯ ವಿಷಯದಲ್ಲಿ ಇದು ಇನ್ನೂ ಕಠೋರವಾದ ಸತ್ಯ. ಸಿಗರೇಟಿಗಿಂತ ಬೀಡಿ ಸಣ್ಣದಾದರೂ ಆರಿಹೋಗದಂತೆ ಮತ್ತೆ ಮತ್ತೆ ಬಲವಾಗಿ ಎಳೆಯಬೇಕಾಗುವುದರಿಂದ ಒಳಹೋಗುವ ಟಾರು, ಇಂಗಾಲದ ಮಾನಾಕ್ಸೈಡು ಕಡಿಮೆಯೇನಲ್ಲ, ಹೆಚ್ಚೇ. “ನಾನು ಸಿಗರೇಟು ಸೇದುವುದಿಲ್ಲ, ಬರೀ ಬೀಡಿ” ಎಂದು ಸಮಾಧಾನ ಪಟ್ಟುಕೊಳ್ಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ.

ಕಟ್ಟುವುದು ಒಂದು, ಕೊಲ್ಲುವುದು ಇನ್ನೊಂದು ಎಂದಾದರೆ ಹೊಗೆಯಿಲ್ಲದೆ ನಿಕೋಟಿನ್ ಕೊಟ್ಟು, ಅದನ್ನೂ ಮೆಲ್ಲನೆ ಇಳಿಸುತ್ತಾ ಬಂದರೆ ಹೇಗೆ? ಈ ಯೋಚನೆ ಮೊಳೆತದ್ದು ಸ್ವೀಡನ್ ದೇಶದಲ್ಲಿ. ಸಮುದ್ರದಡಿಯ ಜಲಾಂತರ್ಗಾಮಿ ಹಡಗುಗಳಲ್ಲಿ ಸೇದುವಂತಿಲ್ಲವಾದ್ದರಿಂದ ನಾವಿಕರು ಅಗಿಯುವ ತಂಬಾಕಿನಿಂದ ಚಟವನ್ನು ತಣಿಸಿಕೊಳ್ಳುವುದನ್ನು 1967ರಲ್ಲಿ ಅಲ್ಲಿನ ವಿಜ್ಞಾನಿಗಳು ಗಮನಿಸಿದರು. ಆ ಸುಳಿವನ್ನು ಹಿಡಿದು ಊವೆ ಫೆರ್ನೋ ಎಂಬ ರಸಾಯನಶಾಸ್ತ್ರಜ್ಞ ನಿಕೋಟಿನ್ ಸೇರಿಸಿದ ಅಗಿಯುವ ಗಮ್ ತಯಾರಿಸಿದ. 1978ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಅದಕ್ಕೆ ಔಷಧವೆಂಬ ಮನ್ನಣೆ ಸಿಕ್ಕಿತು. ಬಳಿಕ ಚರ್ಮಕ್ಕೆ ಅಂಟಿಸುವ ಪಟ್ಟಿ, ಚೀಪುವ ಗುಳಿಗೆಗಳೂ ಬಂದವು. ಇವೆಲ್ಲಕ್ಕೂ ಸೇರಿ ನಿಕೋಟಿನ್ ಬದಲಿ ಚಿಕಿತ್ಸೆ ಎಂಬ ಹೆಸರು.

ಈ ಚಿಕಿತ್ಸೆಯ ಸ್ವಭಾವವೇ ನಿಧಾನ. ಗಮ್ಮನ್ನು ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು. ನಾಲ್ಕಾರು ಸಲ ಅಗಿದು, ಬಾಯಲ್ಲಿ ಮೆಣಸಿನಂತಹ ಚುರುಕು ಕಂಡೊಡನೆ ಕೆನ್ನೆಗೂ ಒಸಡಿಗೂ ನಡುವೆ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಎಲೆಅಡಿಕೆಯನ್ನು ದವಡೆಯಲ್ಲಿಟ್ಟುಕೊಂಡು ಅಭ್ಯಾಸವಿರುವ ನಮ್ಮ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾದುದೇ ಇಲ್ಲ. ಆದರೆ ಕಾಫಿ ಕುಡಿದ ಬಾಯಿಗೆ ಗಮ್ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಕಾಲು ಗಂಟೆಯಾದರೂ ಬಿಡುವು ಬೇಕು. ಕಾಫಿಯ ನಾಡಿನಲ್ಲಿ ಈ ನಿಯಮವನ್ನು ಪಾಲಿಸುವುದು ಬೀಡಿ ಬಿಡುವುದರಷ್ಟೇ ಕಷ್ಟವೆಂದು ಯಾರಾದರೂ ನಕ್ಕರೆ ನಾನು ಅಲ್ಲಗಳೆಯಲಾರೆ. ಸಾಮಾನ್ಯವಾಗಿ ಎರಡು ಮೂರು ತಿಂಗಳ ಚಿಕಿತ್ಸೆ. ದಿನಕಳೆದಂತೆ ಪ್ರಮಾಣ ಇಳಿಯುತ್ತದೆ, ಕೊನೆಗೆ ನಿಲ್ಲುತ್ತದೆ. ಪಟ್ಟಿಯನ್ನೂ ಗಮ್ಮನ್ನೂ ಒಟ್ಟಿಗೆ ಬಳಸಿದರೆ ಒಂದನ್ನೇ ಬಳಸುವುದಕ್ಕಿಂತ ಫಲ ಹೆಚ್ಚು. ಎಷ್ಟು ಶಕ್ತಿಯದು, ಎಷ್ಟು ಕಾಲ ಎಂಬುದನ್ನು ವೈದ್ಯರು ತೀರ್ಮಾನಿಸಬೇಕು. ಹೃದ್ರೋಗಿಗಳು, ಗರ್ಭಿಣಿಯರು ಕೇಳದೆ ಮುಟ್ಟಬಾರದು.

ಇ-ಸಿಗರೇಟಿನ ದಾರಿ ಬೇರೆ. ಚೀನಾದ ಔಷಧಶಾಸ್ತ್ರಜ್ಞ ಹೋನ್ ಲಿಕ್ 2003ರಲ್ಲಿ ಅದಕ್ಕೆ ಇಂದಿನ ರೂಪ ಕೊಟ್ಟ. ಸ್ವತಃ ಬಲವಾದ ಧೂಮಪಾನಿಯಾಗಿದ್ದವನು. ಬ್ಯಾಟರಿಯಿಂದ ಕಾಯುವ ಪುಟ್ಟ ಸುರುಳಿ ನಿಕೋಟಿನ್ ಬೆರೆತ ದ್ರವವನ್ನು ಆವಿಯಂತೆ ಎಬ್ಬಿಸುತ್ತದೆ. ಬೆಂಕಿಯಿಲ್ಲ, ಬೂದಿಯಿಲ್ಲ, ಟಾರಿಲ್ಲ. ಕೈಬೆರಳುಗಳಿಗೆ ಹಿಡಿದುಕೊಳ್ಳುವ ಕೆಲಸವಿದೆ, ತುಟಿಗೆ ಎಳೆಯುವ ಕೆಲಸವಿದೆ, ಬಾಯಿಯಿಂದ ಬಿಳಿಯ ಮೋಡ ಹೊರಡುತ್ತದೆ. ಗಮ್ಮು ನಿಕೋಟಿನ್ನನ್ನು ಮಾತ್ರ ಕೊಟ್ಟರೆ, ಇದು ನಿಕೋಟಿನ್ ಜೊತೆಗೆ ಸೇದುವ ಇಡೀ ಆಚರಣೆಯನ್ನೇ ಕೊಡುತ್ತದೆ. ಬಲ ಇರುವುದೂ ಅಲ್ಲಿ, ಅಪಾಯ ಇರುವುದೂ ಅಲ್ಲಿ.

ಹಾಗಾದರೆ ಬಿಡಿಸುವುದರಲ್ಲಿ ಯಾವುದು ಮೇಲು? ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ನಿಷೇಧವನ್ನು ಒಪ್ಪುವವರು ಸಾಮಾನ್ಯವಾಗಿ “ಅದರಿಂದೇನೂ ಪ್ರಯೋಜನವಿಲ್ಲ” ಎಂದು ಹೇಳಿ ಮುಗಿಸುತ್ತಾರೆ. ಆ ಮಾತು ನಿಜವಲ್ಲ. ಲಂಡನ್ನಿನ ಪೀಟರ್ ಹಾಯೆಕ್ ಮತ್ತು ಸಂಗಡಿಗರು ಇಂಗ್ಲೆಂಡಿನ ಸರ್ಕಾರಿ ಸೇವೆಯಲ್ಲಿ ಚಟ ಬಿಡಲು ಬಂದ 886 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇ-ಸಿಗರೇಟನ್ನೂ ಇನ್ನೊಂದಕ್ಕೆ ಗಮ್ಮು, ಪಟ್ಟಿ ಮುಂತಾದವನ್ನೂ ಕೊಟ್ಟರು. ಎರಡೂ ಗುಂಪಿಗೆ ವಾರವಾರವೂ ಆಪ್ತಸಲಹೆ ಇತ್ತು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದು ವರ್ಷದ ನಂತರ ಸಿಗರೇಟಿನಿಂದ ದೂರವಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 18, ಎರಡನೆಯದರಲ್ಲಿ ನೂರಕ್ಕೆ ಸುಮಾರು 10. ಇಂತಹ ಅನೇಕ ಪ್ರಯೋಗಗಳನ್ನು ಕೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ 2022ರ ಪರಾಮರ್ಶೆಯೂ ಇದೇ ದಿಕ್ಕಿನಲ್ಲಿ ಮಾತನಾಡಿತು: ನೂರು ಜನ ಪ್ರಯತ್ನಿಸಿದರೆ ಇ-ಸಿಗರೇಟಿನಿಂದ 8ರಿಂದ 12 ಮಂದಿ, ಬದಲಿ ಚಿಕಿತ್ಸೆಯಿಂದ 6 ಮಂದಿ, ಏನೂ ಇಲ್ಲದೆ ಅಥವಾ ಬರಿಯ ಸಲಹೆಯಿಂದ 4 ಮಂದಿ ಗೆಲ್ಲಬಹುದು.

ಈ ಅಂಕಿಗಳ ಮುಂದೆ ಒಂದು ಕ್ಷಣ ನಿಲ್ಲಿರಿ. ಅತ್ಯುತ್ತಮವಾದ ಸಾಧನವನ್ನು ಕೈಗಿತ್ತು, ವಾರಕ್ಕೊಮ್ಮೆ ಕೂರಿಸಿ ಮಾತನಾಡಿಸಿದರೂ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಸೋಲುತ್ತಾರೆ. “ಮನಸ್ಸು ಮಾಡಿದರೆ ಬಿಡುವುದೇನು ಮಹಾ” ಎಂದು ಜಗಲಿಯ ಮೇಲೆ ಕುಳಿತು ಹೇಳುವವರು ಈ ಲೆಕ್ಕವನ್ನು ಅರಿತಿದ್ದರೆ ಆ ಮಾತನ್ನು ಆಡುತ್ತಿರಲಿಲ್ಲ.

ಅದೇ ಲಂಡನ್ನಿನ ಅಧ್ಯಯನದಲ್ಲಿ ಇನ್ನೊಂದು ಅಂಕಿಯಿದೆ. ವರ್ಷದ ಕೊನೆಗೆ ಗೆದ್ದವರಲ್ಲಿ, ಇ-ಸಿಗರೇಟಿನ ಗುಂಪಿನ ನೂರಕ್ಕೆ 80 ಮಂದಿ ಇನ್ನೂ ಇ-ಸಿಗರೇಟನ್ನು ಸೇದುತ್ತಲೇ ಇದ್ದರು. ಬದಲಿ ಚಿಕಿತ್ಸೆಯ ಗುಂಪಿನಲ್ಲಿ ಗಮ್ಮನ್ನೋ ಪಟ್ಟಿಯನ್ನೋ ಬಿಡದೆ ಉಳಿದವರು ನೂರಕ್ಕೆ 9 ಮಂದಿ ಮಾತ್ರ. ಒಂದು ಊರುಗೋಲು ಹೆಚ್ಚು ಜನರನ್ನು ಎಬ್ಬಿಸಿ ನಿಲ್ಲಿಸುತ್ತದೆ, ಆದರೆ ಕೈಬಿಡುವುದಿಲ್ಲ. ಇನ್ನೊಂದು ಕಡಿಮೆ ಜನರನ್ನು ಎಬ್ಬಿಸುತ್ತದೆ, ಆದರೆ ಎದ್ದವನು ಅದನ್ನು ಮೂಲೆಗಿಟ್ಟು ನಡೆಯುತ್ತಾನೆ. ನಮ್ಮ ನೈತಿಕ ಪ್ರಶ್ನೆಯ ತಿರುಳು ಇದರಲ್ಲೇ ಅಡಗಿದೆ. ಹೊಗೆ ಬಿಟ್ಟು ಆವಿಗೆ ಕಟ್ಟುಬಿದ್ದವನನ್ನು ಸ್ವತಂತ್ರನೆನ್ನಬೇಕೇ, ಒಡೆಯನನ್ನು ಬದಲಿಸಿದ ದಾಸನೆನ್ನಬೇಕೇ?

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರನೆಯ ಅಧ್ಯಾಯದಲ್ಲಿ, ತನಗೆ ಅನುಮತಿಯಿರುವ ಯಾವುದೂ ತನ್ನನ್ನು ಆಳದಂತೆ ನೋಡಿಕೊಳ್ಳುವೆನೆಂದು ಹೇಳುತ್ತಾರೆ. ಆ ಅಳತೆಗೋಲಿನಿಂದ ನೋಡಿದರೆ ದಾಸ ಇನ್ನೂ ದಾಸನೇ. ಆದರೆ ಮಾರ್ಕನ ಶುಭಸಂದೇಶದ ಎಂಟನೆಯ ಅಧ್ಯಾಯವನ್ನೂ ತೆರೆಯಿರಿ. ಬೆತ್ಸಾಯಿದದ ಕುರುಡನನ್ನು ಯೇಸುಸ್ವಾಮಿ ಗುಣಪಡಿಸಿದ್ದು ಒಂದೇ ಸಲಕ್ಕಲ್ಲ. ಮೊದಲ ಸ್ಪರ್ಶಕ್ಕೆ ಅವನಿಗೆ ಕಂಡ ಮನುಷ್ಯರು ನಡೆದಾಡುವ ಮರಗಳಂತಿದ್ದರು. ಸ್ವಾಮಿ ಅವನನ್ನು ಗದರಲಿಲ್ಲ, ನಿನ್ನ ವಿಶ್ವಾಸ ಸಾಲದೆನ್ನಲಿಲ್ಲ, “ಇಷ್ಟಾದರೂ ಆಯಿತಲ್ಲ” ಎಂದು ಅಲ್ಲಿಗೇ ಬಿಟ್ಟು ಹೊರಡಲೂ ಇಲ್ಲ. ಮತ್ತೊಮ್ಮೆ ಕೈಯಿಟ್ಟರು. ಅರ್ಧ ಬಿಡುಗಡೆಯನ್ನು ಹೇಗೆ ಕಾಣಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಾಣೆ. ಅರ್ಧ ಕಂಡವನು ಕುರುಡನೂ ಅಲ್ಲ, ಪೂರ್ಣ ಕಂಡವನೂ ಅಲ್ಲ, ದಾರಿಯ ಮೇಲಿರುವವನು. ಟಾರಿನಿಂದ ತಪ್ಪಿಸಿಕೊಂಡವನು ಸಾವಿನಿಂದ ಬಹುದೂರ ಬಂದಿದ್ದಾನೆಂಬುದನ್ನು ಅಲ್ಲಗಳೆಯುವುದು ಸುಳ್ಳಾದೀತು. ಅವನ ಪಯಣ ಮುಗಿಯಿತೆನ್ನುವುದೂ ಸುಳ್ಳೇ.

ಇದೇ ಮಾತು ಗಮ್ಮಿಗೂ ಅನ್ವಯಿಸುತ್ತದೆ. “ನಿಕೋಟಿನ್ ಬಿಡಲು ನಿಕೋಟಿನ್ ತಿನ್ನುವುದೇ? ಕಳ್ಳನನ್ನು ಓಡಿಸಿ ಕಳ್ಳನ ತಮ್ಮನಿಗೆ ಮನೆಯ ಕೀಲಿ ಕೊಟ್ಟಂತೆ” ಎನ್ನುವ ಭಕ್ತರು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯಿಲ್ಲ. ಅವರಿಗೆ ವ್ರತವೊಂದೇ ಸರಿಯಾದ ದಾರಿ. ವ್ರತದ ಶಕ್ತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ತಪಸ್ಸುಕಾಲದ ನಲವತ್ತು ದಿನ ಒಂದು ಬೀಡಿಯನ್ನೂ ಮುಟ್ಟದೆ ಇರುವವರನ್ನು ನೀವೂ ಕಂಡಿದ್ದೀರಿ. ಈಸ್ಟರ್ ಹಬ್ಬದ ಊಟವಾದೊಡನೆ ಹಿತ್ತಲಿಗೆ ಹೋಗಿ ಹಚ್ಚುವವರೂ ಅವರೇ. ನಲವತ್ತು ದಿನದಲ್ಲಿ ದೇಹದ ಹಪಾಹಪಿ ಬಹುಮಟ್ಟಿಗೆ ಅಡಗಿರುತ್ತದೆ, ಆದರೂ ಕೈ ಬೆಂಕಿಪೊಟ್ಟಣವನ್ನು ಹುಡುಕುತ್ತದೆ. ಅವರು ಬಿಟ್ಟಿರಲಿಲ್ಲ, ದೇವರಿಗೆಂದು ತಡೆದುಕೊಂಡಿದ್ದರು. ತಡೆದುಕೊಳ್ಳುವುದು ದೊಡ್ಡದೇ, ಬಿಡುವುದು ಇನ್ನೊಂದು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2290ನೆಯ ಸಂಖ್ಯೆಯಲ್ಲಿ ಊಟ, ಮದ್ಯ, ತಂಬಾಕು, ಔಷಧಗಳ ದುರ್ಬಳಕೆಯನ್ನು ಒಂದೇ ಸಾಲಿನಲ್ಲಿಟ್ಟು ಮಿತಸಂಯಮದ ಸದ್ಗುಣದ ಬಗ್ಗೆ ಹೇಳುತ್ತದೆ. ಸದ್ಗುಣವೆಂದರೆ ರೂಢಿಯಾದ ಒಳಿತು. ರೂಢಿಯಾಗಲು ಕಾಲ ಬೇಕು, ಆ ಕಾಲವನ್ನು ದಾಟಿಸಲು ಒಂದು ಊರುಗೋಲು ಬೇಕಾದರೆ ಅದರಲ್ಲಿ ನಾಚಿಕೆಯೇನೂ ಇಲ್ಲ.

“ಹಿರಿಯರ ಕಾಲದಿಂದ ಬಂದದ್ದು” ಎಂಬ ಇನ್ನೊಂದು ಸಮರ್ಥನೆಯೂ ಉಂಟು. ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ನೋಡಿದವರಿಗೆ ಅದು ನಗು ತರಿಸಬೇಕು. 1196ರಲ್ಲಿ, ಎರಡನೆಯ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಅದನ್ನು ಕಟ್ಟಿಸಿದಾಗ ಶಿಲ್ಪಿಗಳು ರಾಮಾಯಣ, ಭಾರತಗಳನ್ನೆಲ್ಲ ಗೋಡೆಯ ಮೇಲೆ ಕೆತ್ತಿದರು. ಬೀಡಿ ಸೇದುವವನೊಬ್ಬನನ್ನೂ ಕೆತ್ತಲಾರದವರಾಗಿದ್ದರು, ಏಕೆಂದರೆ ತಂಬಾಕು ಆಗಿನ್ನೂ ಅಮೆರಿಕಾ ಖಂಡದಿಂದ ಹೊರಗೆ ಕಾಲಿಟ್ಟಿರಲಿಲ್ಲ. ಅದನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಕರಾವಳಿಗೆ ಶುಭಸಂದೇಶ ಸಾರುವವರನ್ನು ಕರೆತಂದ ಹಡಗುಗಳಲ್ಲೇ ಈ ಸರಕೂ ಬಂದಿತೆಂಬುದನ್ನು ಕ್ರೈಸ್ತರಾದ ನಾವು ಮರೆಯದಿರೋಣ. ಧರ್ಮಸಭೆಯೂ ತಂಬಾಕಿನ ವಿಷಯದಲ್ಲಿ ಒಂದೇ ನಿಲುವಿನಲ್ಲಿ ನಿಂತದ್ದಲ್ಲ. 1642ರಲ್ಲಿ ಎಂಟನೆಯ ಅರ್ಬನ್ ಪೋಪರು ಸ್ಪೇನಿನ ಸೆವಿಲ್ ಧರ್ಮಪ್ರಾಂತ್ಯದ ದೇವಾಲಯಗಳಲ್ಲಿ ತಂಬಾಕು ಬಳಸಿದವರಿಗೆ ಬಹಿಷ್ಕಾರದ ಶಿಕ್ಷೆ ವಿಧಿಸಿದರೆ, 1725ರಲ್ಲಿ ಹದಿಮೂರನೆಯ ಬೆನೆಡಿಕ್ಟರು ಅಂತಹ ಕಟ್ಟಳೆಯನ್ನು ಸಡಿಲಿಸಿದರು. ಕೊನೆಗೆ ಫ್ರಾನ್ಸಿಸ್ ಪೋಪರು 2017ರಲ್ಲಿ ತೀರ್ಮಾನ ಕೈಗೊಂಡು, 2018ರಿಂದ ವ್ಯಾಟಿಕನ್ನಿನ ಅಂಗಡಿಯಲ್ಲಿ ಸಿಗರೇಟು ಮಾರಾಟವನ್ನೇ ನಿಲ್ಲಿಸಿದರು. ಲಾಭ ತರುತ್ತಿದ್ದ ವ್ಯಾಪಾರವದು.

ಈಗ ಕಾಯಿದೆಯ ವಿಚಾರಕ್ಕೆ ಮರಳೋಣ. ಹೆಚ್ಚು ಜನರನ್ನು ಬಿಡಿಸುವ ಸಾಧನವನ್ನು ನಮ್ಮ ದೇಶ ಏಕೆ ನಿಷೇಧಿಸಿತು? ಉತ್ತರ ಆ ಅರವತ್ತರ ಯಜಮಾನರಲ್ಲಿಲ್ಲ, ಅವರ ಮಗನಲ್ಲಿದೆ. ಮಾವಿನಹಣ್ಣಿನ ರುಚಿ, ಪುದೀನದ ರುಚಿ, ಪೆನ್ನಿನಂತೆ, ಪೆನ್‌ಡ್ರೈವಿನಂತೆ ಕಾಣುವ ಆಕಾರ: ಇವು ದಮ್ಮು ಹಿಡಿದ ಮುದುಕರಿಗಾಗಿ ಹುಟ್ಟಿದವಲ್ಲ. ಅಮೆರಿಕದಲ್ಲಿ 2019ರ ಸಮೀಕ್ಷೆಯಂತೆ ಪ್ರೌಢಶಾಲೆಯ ಮೇಲಿನ ತರಗತಿಗಳ ಮಕ್ಕಳಲ್ಲಿ ನೂರಕ್ಕೆ 27ಕ್ಕೂ ಹೆಚ್ಚು ಮಂದಿ ಇ-ಸಿಗರೇಟು ಸೇದುತ್ತಿದ್ದರು. ಆ ವರ್ಷವೇ ಅಲ್ಲಿ ಆವಿ ಸೇದಿದವರ ಶ್ವಾಸಕೋಶಗಳು ಹಠಾತ್ತನೆ ಕೆಟ್ಟು, 2020ರ ಫೆಬ್ರವರಿಯ ಹೊತ್ತಿಗೆ 68 ಮಂದಿ ತೀರಿಕೊಂಡರು. ಅದರ ಮುಖ್ಯ ಕಾರಣ ಗಾಂಜಾದ ಸಾರವಿದ್ದ ಕಳ್ಳಮಾಲಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಪದಾರ್ಥವೆಂದು ಬಳಿಕ ತಿಳಿಯಿತು. ಎಲ್ಲ ಇ-ಸಿಗರೇಟಿನ ಮೇಲೂ ಆ ಸಾವುಗಳನ್ನು ಹೊರಿಸುವುದು ನ್ಯಾಯವಲ್ಲ. ಆದರೂ ಬೆಳೆಯುವ ಮಿದುಳಿಗೆ ನಿಕೋಟಿನ್ ಒಳ್ಳೆಯದಲ್ಲವೆಂಬುದರಲ್ಲಿ ಎರಡು ಮಾತಿಲ್ಲ. ಮದ್ದೆಂದು ಕೊಡುವ ಇಂಗ್ಲೆಂಡು ಕೂಡ 2025ರ ಜೂನ್ 1ರಿಂದ, ಒಂದು ಸಲ ಬಳಸಿ ಬಿಸಾಡುವ ಇ-ಸಿಗರೇಟುಗಳ ಮಾರಾಟವನ್ನು ನಿಷೇಧಿಸಿತು. ಒಂದೇ ಪದಾರ್ಥ ಮದ್ದೂ ಅಪರಾಧವೂ ಆಗುವುದು ಹೇಗೆಂದು ಆ ತಾಯಿ ಕೇಳಿದರಲ್ಲ, ಇದೇ ಉತ್ತರ: ಅದು ಯಾರ ಕೈಗೆ ಹೋಗುತ್ತದೆಂಬುದರ ಮೇಲೆ. ಬಲವಾದ ಸರ್ಕಾರಿ ಆರೋಗ್ಯ ಸೇವೆಯುಳ್ಳ ಇಂಗ್ಲೆಂಡಿಗೇ ಆ ಎರಡು ಕೈಗಳನ್ನು ಬೇರೆಯಾಗಿಡಲು ಕಷ್ಟವಾಗಿರುವಾಗ, ಪೆಟ್ಟಿಗೆ ಅಂಗಡಿಯಲ್ಲಿ ಎಲ್ಲವೂ ಸಿಗುವ ನಮ್ಮಲ್ಲಿ ಅದು ಸಾಧ್ಯವಾಗುತ್ತಿತ್ತೆಂದು ನಾನು ನಂಬಲಾರೆ. ಆದ್ದರಿಂದ ನಿಷೇಧವನ್ನು ನಾನು ಒಪ್ಪುತ್ತೇನೆ.

ಒಪ್ಪುತ್ತೇನೆ, ಆದರೆ ನಿಶ್ಚಿಂತೆಯಿಂದಲ್ಲ. ಚೇಳನ್ನು ಹೊಡೆದು ಹಾವನ್ನು ಅಂಗಳದಲ್ಲಿ ಬಿಟ್ಟಂತಾಗಿದೆ. ಇ-ಸಿಗರೇಟು ಅಪರಾಧ, ಅದಕ್ಕಿಂತ ಎಷ್ಟೋ ಪಾಲು ಕೊಲ್ಲುವ ಬೀಡಿ ಮಾತ್ರ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗಾಡುತ್ತಿದೆ. ತಂಬಾಕಿನಿಂದ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 13 ಲಕ್ಷ ಮಂದಿ ಸಾಯುತ್ತಾರೆ. ಹುಣಸೂರು, ಪಿರಿಯಾಪಟ್ಟಣಗಳ ರೈತರ ಬದುಕು, ಕರಾವಳಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ದುಡಿಮೆ ಇದಕ್ಕೆ ಹೆಣೆದುಕೊಂಡಿರುವುದರಿಂದ ಒಂದೇ ಏಟಿಗೆ ಕಡಿಯಲಾಗದೆಂಬುದು ನಿಜ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಕಾಯಿದೆ 21 ವರ್ಷ ತುಂಬದವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿ ಒಂದು ಹೆಜ್ಜೆ ಮುಂದಿಟ್ಟಿದೆ. ಅದೂ ಮಗನಿಗಾಗಿಯೇ. ಅಪ್ಪನಿಗೇನು?

ಸಂತ ಪೌಲರ ಅದೇ ಪತ್ರದ ಎಂಟನೆಯ ಅಧ್ಯಾಯ ಇಲ್ಲಿ ನನ್ನನ್ನು ಕಾಡುತ್ತದೆ. ವಿಗ್ರಹಗಳಿಗೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ ಎಂಬುದು ಅಲ್ಲಿನ ಚರ್ಚೆ. ತಿಳಿದವನಿಗೆ ಅದರಲ್ಲಿ ದೋಷವಿಲ್ಲ. ಆದರೆ ದುರ್ಬಲ ಮನಸ್ಸಿನ ಸಹೋದರ ಎಡವುವುದಾದರೆ ತಾನು ಮಾಂಸವನ್ನೇ ಬಿಟ್ಟೇನು ಎನ್ನುತ್ತಾರೆ ಪೌಲರು. ಇ-ಸಿಗರೇಟಿನ ನಿಷೇಧವನ್ನು ಸಮರ್ಥಿಸಲು ಈ ವಾಕ್ಯಭಾಗವನ್ನು ಬಳಸುವವರಿದ್ದಾರೆ: ಮಕ್ಕಳು ಎಡವದಿರಲೆಂದು ದೊಡ್ಡವರು ಬಿಡಲಿ. ಮೊದಲ ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಪೌಲರು ಬಿಡಲು ಹೇಳಿದ್ದು ಬಲಿಷ್ಠನಿಗೆ, ದುರ್ಬಲನ ಸಲುವಾಗಿ. ಇಲ್ಲಿ ಬಿಡಬೇಕಾದವನು ಯಾರು? ನಲವತ್ತು ವರ್ಷದಿಂದ ಚಟಕ್ಕೆ ಸಿಕ್ಕಿ, ಶ್ವಾಸಕೋಶ ಸವೆದು, ನಾಲ್ಕು ಸಲ ಪ್ರಯತ್ನಿಸಿ ಸೋತವನು. ಯಾರ ಸಲುವಾಗಿ? ಇನ್ನೂ ಆರೋಗ್ಯವಾಗಿರುವ, ಆರಿಸಿಕೊಳ್ಳುವ ಶಕ್ತಿಯುಳ್ಳ ಎಳೆಯರ ಸಲುವಾಗಿ. ದುರ್ಬಲನಿಂದ ಕಿತ್ತು ಬಲಿಷ್ಠನನ್ನು ಕಾಯುತ್ತಿದ್ದೇವೆ. ಮಕ್ಕಳನ್ನು ಕಾಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಈ ತ್ಯಾಗ ಅವನಾಗಿ ಮಾಡಿದ್ದಲ್ಲ, ನಾವು ಅವನಿಂದ ಮಾಡಿಸಿದ್ದು. ನಮ್ಮ ಮಕ್ಕಳಿಗಾಗಿ ಒಬ್ಬ ರೋಗಿಯ ಕೈಯಿಂದ ಒಂದು ಊರುಗೋಲನ್ನು ಕಿತ್ತುಕೊಂಡ ಮೇಲೆ ಇನ್ನೊಂದನ್ನು ಅವನ ಕೈಗಿಡುವುದು ದಾನವಲ್ಲ, ಸಾಲ ತೀರಿಕೆ.

ಆ ಸಾಲ ತೀರಿದೆಯೇ? ಕಾಗದದ ಮೇಲೆ ತಕ್ಕಮಟ್ಟಿಗೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ನಿಕೋಟಿನ್ ಬದಲಿ ಚಿಕಿತ್ಸೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೂ ಅದು 2022ರಲ್ಲಿ ಸೇರಿತು. ಪಟ್ಟಿಯಲ್ಲಿರುವುದೆಲ್ಲ ಊರಿನಲ್ಲಿರುತ್ತದೆಂದು ಹಳ್ಳಿಯಲ್ಲಿ ಬದುಕಿದವರಾರೂ ನಂಬುವುದಿಲ್ಲ. ಬೀಡಿ ನಡೆದು ಹೋಗುವಷ್ಟು ಹತ್ತಿರ ಸಿಗುತ್ತದೆ. ಗಮ್ಮಿಗಾಗಿ ಪೇಟೆಯ ಔಷಧದಂಗಡಿಗೆ ಹೋಗಬೇಕು. ಎರಡರ ಬೆಲೆಯನ್ನು ಪಕ್ಕಪಕ್ಕ ಇಟ್ಟು ನೋಡಿದ ಕೂಲಿಕಾರ ಯಾವುದನ್ನು ಕೊಳ್ಳುವನೆಂದು ಊಹಿಸಲು ಜಾಣತನ ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳಲ್ಲಿ 2002ರಿಂದ ತಂಬಾಕು ಬಿಡಿಸುವ ಚಿಕಿತ್ಸಾಲಯಗಳಿವೆ, ಆದರೆ ತರೀಕೆರೆಯ ತೋಟದಿಂದ ಬೆಂಗಳೂರು ದೂರ. ಹತ್ತಿರವಿರುವುದು ದೂರವಾಣಿಯೊಂದೇ. 1800-11-2356 ಎಂಬ ಶುಲ್ಕವಿಲ್ಲದ ರಾಷ್ಟ್ರೀಯ ಸಹಾಯವಾಣಿ 2016ರಲ್ಲಿ ಆರಂಭವಾಯಿತು. 2018ರಿಂದ ಆ ಸಂಖ್ಯೆಯನ್ನು ತಂಬಾಕಿನ ಪೊಟ್ಟಣಗಳ ಮೇಲೆಯೇ ಮುದ್ರಿಸಲಾಗುತ್ತಿದೆ. ಸೇದುವವನ ಜೇಬಿನಲ್ಲೇ ಆ ಸಂಖ್ಯೆ ಇದೆ. ಅದನ್ನು ಓದಿ ಹೇಳುವವರು, ಜೊತೆಯಲ್ಲಿ ಕುಳಿತು ಕರೆ ಮಾಡಿಕೊಡುವವರು ಇಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಹೋದರೆ ನಮ್ಮ ಸೀಮೆಗೆ ಅನ್ಯಾಯವಾದೀತು. 2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಸೇದುವವರು ನೂರಕ್ಕೆ 9ರಷ್ಟಿದ್ದರೆ, ತಂಬಾಕನ್ನು ಅಗಿಯುವ, ಬಾಯಲ್ಲಿಡುವ ಮಂದಿ ನೂರಕ್ಕೆ 16. ಅಡಿಕೆಯ ನಾಡಿನಲ್ಲಿ ಎಲೆಅಡಿಕೆಯ ತಟ್ಟೆಗೆ ಹೊಗೆಸೊಪ್ಪು, ಕಡ್ಡಿಪುಡಿ ಸೇರಿಕೊಳ್ಳುವುದು ಸಹಜವೆಂಬಂತಾಗಿದೆ, ಹೆಂಗಸರಲ್ಲೂ. ಸೇದುವ ಅಪ್ಪನನ್ನು ಗದರುವ ಅಜ್ಜಿಯ ದವಡೆಯಲ್ಲೇ ತಂಬಾಕಿರುತ್ತದೆ. ಸಿಗರೇಟಿನ ಆಚರಣೆಯನ್ನು ಅನುಕರಿಸುವ ಆವಿಯಂತ್ರದಿಂದ ಈ ಅಜ್ಜಿಗೆ ಮೂರುಕಾಸಿನ ಉಪಯೋಗವಿಲ್ಲ. ಯಾವುದು ಮೇಲೆಂದು ಪಾಶ್ಚಾತ್ಯ ದೇಶಗಳಲ್ಲಿ ನಡೆಯುವ ವಾದದಲ್ಲಿ ಅವಳ ಹೆಸರೇ ಬರುವುದಿಲ್ಲ. ಅವಳಿಗೆ ಬೇಕಾದುದು ವೈದ್ಯರ ಸಲಹೆ, ಮನೆಯವರ ಸಹನೆ.

ಲಾಸರನು ಸಮಾಧಿಯಿಂದ ಎದ್ದು ಬಂದಾಗಲೂ ಅವನ ಕೈಕಾಲುಗಳು ಬಟ್ಟೆಯಿಂದ ಸುತ್ತಿಕೊಂಡೇ ಇದ್ದವು. ಬದುಕಿಸಿದ್ದು ಸ್ವಾಮಿ, ಕಟ್ಟು ಬಿಚ್ಚುವ ಕೆಲಸವನ್ನು ಸುತ್ತ ನಿಂತವರಿಗೆ ವಹಿಸಿದರು. ನಮ್ಮ ಕಿರು ಕ್ರೈಸ್ತ ಸಮುದಾಯಗಳ ಸಭೆಗಳಲ್ಲಿ ಈ ಕೆಲಸಕ್ಕೆ ಜಾಗವಿದೆಯೇ? ಚಟ ಬಿಡಲು ಹೊರಟವನ ಮೊದಲ ತಿಂಗಳ ಗಮ್ಮಿನ ಖರ್ಚನ್ನು ನಾಲ್ಕು ಮನೆಯವರು ಹಂಚಿಕೊಂಡರೆ ಯಾರಿಗೂ ಭಾರವಾಗದು. ನರ್ಸ್ ಕೆಲಸ ಮಾಡಿ ನಿವೃತ್ತರಾದ ಒಬ್ಬ ಸಹೋದರಿ ವಾರಕ್ಕೊಮ್ಮೆ ಅವನನ್ನು ವಿಚಾರಿಸಿಕೊಂಡರೆ, ಇಂಗ್ಲೆಂಡಿನಲ್ಲಿ ಎರಡೂ ಗುಂಪುಗಳಿಗೆ ದೊರೆತ ಆ ವಾರದ ಆಪ್ತಸಲಹೆ ಅಮೃತಾಪುರದಲ್ಲೂ ದೊರೆತಂತೆಯೇ. ಆ ಮಗಳು ಇಂಗ್ಲೆಂಡಿನಿಂದ ಯಂತ್ರವನ್ನು ತರಲಾರಳು, ಆದರೆ ಭಾನುವಾರದ ಫೋನನ್ನು ದಿನಂಪ್ರತಿ ಮಾಡಬಲ್ಲಳು; ರಾತ್ರಿ ಊಟವಾದ ಮೇಲಿನ ಆ ಹತ್ತು ನಿಮಿಷ, ಕೈ ಬೆಂಕಿಪೊಟ್ಟಣಕ್ಕೆ ಹೋಗುವ ಹೊತ್ತು, ಮಾತಿನಲ್ಲಿ ಕಳೆಯುತ್ತದೆ.

ಎರಡನೆಯ ವಾರದಲ್ಲಿ ಒಂದು ಸಂಜೆ ತೋಟದ ಬೇಲಿಯ ಬಳಿ ಅವರು ಒಂದು ಬೀಡಿ ಹಚ್ಚಿಬಿಡಬಹುದು. ಮನೆಗೆ ಬಂದಾಗ ಅಂಗಿಯ ವಾಸನೆಯಿಂದಲೇ ಎಲ್ಲರಿಗೂ ತಿಳಿಯುತ್ತದೆ. ಬಿಡಲು ಹೊರಟವರಲ್ಲಿ ಹೆಚ್ಚಿನವರು ಹೀಗೆ ಎಡವಿಯೇ ಮುಂದೆ ಹೋಗುತ್ತಾರೆ, ಹಲವು ಪ್ರಯತ್ನಗಳ ನಂತರವೇ ಗೆಲ್ಲುತ್ತಾರೆ. ಆ ರಾತ್ರಿ ತಾಯಿ ಏನೂ ಅನ್ನದೆ ಊಟ ಬಡಿಸಲಿ. ಉಳಿದ ಗಮ್ಮಿನ ಹಾಳೆಯನ್ನು ಯಾರೂ ಎಸೆಯದಿರಲಿ. ಬೆಳಿಗ್ಗೆ ಕಾಫಿ ಕುಡಿದು ಕಾಲು ಗಂಟೆ ಕಳೆದ ಮೇಲೆ ಅದು ಮತ್ತೆ ಬೇಕಾಗುತ್ತದೆ.